ಮೂರು ಎಕರೆ ಮರಳು, ಮೂರು ಮಹಾಸಾಗರ

ಲಕ್ಷದ್ವೀಪದ ರಾಜಧಾನಿ ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿ.ಮೀ. ಸಾಗಿದರೆ ಪಿಟ್ಟಿ ಎಂಬ ದಿಬ್ಬ ಸಿಗುತ್ತದೆ. ಹವಳದ ಚೂರು ಮತ್ತು ಮರಳು ಸೇರಿ ಆಗಿರುವ, ಹೆಚ್ಚೆಂದರೆ ಮೂರು ಎಕರೆಯಷ್ಟು ಜಾಗ. ಅಲ್ಲಿ ತೆಂಗಿಲ್ಲ, ಸಿಹಿನೀರಿಲ್ಲ, ದೋಣಿ ನಿಲ್ಲಿಸಲು ಅನುಕೂಲವಾದ ತಾವೂ ಇಲ್ಲ. ಜನ ಅಲ್ಲಿ ನೆಲೆಸಿಲ್ಲ. ಸುತ್ತಲಿನ ದ್ವೀಪದವರು ಅದನ್ನು ಪಕ್ಷಿಪಿಟ್ಟಿ ಎಂದು ಕರೆಯುತ್ತಾರೆ. 1995ರಲ್ಲಿ ಅದು ಪಕ್ಷಿಧಾಮವೆಂದು ಘೋಷಣೆಯಾಯಿತು. ಭಾರತದಲ್ಲಿ ಸೂಟಿ ಟರ್ನ್ ಎಂಬ ಕಡಲಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡುವ ತಾಣಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮುಖ್ಯವಾದದ್ದು ಈ ದಿಬ್ಬ.

ಹಾಗೆಂದು ಸೂಟಿ ಟರ್ನ್ ಅಪರೂಪದ ಹಕ್ಕಿಯೇನಲ್ಲ. ಉಷ್ಣವಲಯದ ಕಡಲಹಕ್ಕಿಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವವುಗಳಲ್ಲಿ ಇದೂ ಒಂದು. ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರರಲ್ಲೂ ಬೆಚ್ಚನೆಯ ನೀರಿರುವ ಕಡೆಯಲ್ಲೆಲ್ಲ ಇದೆ. ಜಗತ್ತಿನಲ್ಲಿ ಒಟ್ಟು ಎರಡು ಕೋಟಿಗೂ ಹೆಚ್ಚು ಹಕ್ಕಿಗಳಿವೆ ಎಂದು ಅಂದಾಜು. ಆದರೂ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ಅನೇಕರು ಇದನ್ನು ಕಂಡಿರುವುದಿಲ್ಲ. ಕಾರಣ ಸರಳ: ಇದು ತಾನಾಗಿ ದಂಡೆಗೆ ಬರುವುದೇ ಇಲ್ಲ.

ಕಪ್ಪು ಬೆನ್ನು, ಬಿಳಿ ಹೊಟ್ಟೆ

ಭದ್ರಾ ಜಲಾಶಯದ ಹಿನ್ನೀರಿನ ನಡುಗಡ್ಡೆಗಳಲ್ಲಿ ಪ್ರತಿ ಬೇಸಿಗೆ ಗುಂಪುಗುಂಪಾಗಿ ಮೊಟ್ಟೆ ಇಡುವ ನದಿ ರೀವಗಳನ್ನು ಕನ್ನಡದ ಪಕ್ಷಿಪ್ರಿಯರು ಚೆನ್ನಾಗಿ ಬಲ್ಲರು. ಸೂಟಿ ಟರ್ನ್ ಅದೇ ರೀವಗಳ ಬಳಗಕ್ಕೆ ಸೇರಿದ್ದು. ವಿಜ್ಞಾನದ ಹೆಸರು ಒನಿಕೊಪ್ರಿಯಾನ್ ಫಸ್ಕೇಟಸ್. 1766ರಲ್ಲಿ ಲಿನೇಯಸ್ ಇದನ್ನು ಮೊದಲು ವರ್ಣಿಸಿದ.

ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ 33ರಿಂದ 36 ಸೆಂ.ಮೀ. ಉದ್ದ. ಬಿಚ್ಚಿದ ರೆಕ್ಕೆಯ ಅಗಲ 82ರಿಂದ 94 ಸೆಂ.ಮೀ. ರೆಕ್ಕೆಯ ಈ ಹರವಿಗೆ ತೂಕ ಮಾತ್ರ 150ರಿಂದ 240 ಗ್ರಾಂ, ಅಂದರೆ ಊರ ಪಾರಿವಾಳಕ್ಕಿಂತಲೂ ಹಗುರ. ನೆತ್ತಿ, ಬೆನ್ನು, ರೆಕ್ಕೆಯ ಮೇಲ್ಭಾಗವೆಲ್ಲ ಮಸಿ ಬಳಿದಂಥ ಕಪ್ಪು. ಗಂಟಲಿನಿಂದ ಹೊಟ್ಟೆಯವರೆಗೆ ಅಚ್ಚ ಬಿಳಿ. ಹಣೆಯ ಮೇಲೆ ಬಿಳಿ ಪಟ್ಟಿ, ಕೊಕ್ಕಿನಿಂದ ಕಣ್ಣಿಗೆ ಎಳೆದ ಕಪ್ಪು ಗೆರೆ. ಕೊಕ್ಕೂ ಕಾಲೂ ಕಪ್ಪು. ಬಾಲ ಆಳವಾಗಿ ಕವಲೊಡೆದಿದ್ದು, ಅದರ ಹೊರ ಅಂಚು ಬಿಳಿ. ಗಂಡು ಹೆಣ್ಣುಗಳಿಗೆ ನೋಟದಲ್ಲಿ ವ್ಯತ್ಯಾಸವಿಲ್ಲ. ಹಾರಲು ಕಲಿತ ಎಳೆ ಹಕ್ಕಿಯ ವೇಷ ಮಾತ್ರ ಬೇರೆಯೇ. ಎದೆಯೂ ಸೇರಿ ಮೈಯೆಲ್ಲ ಗಾಢ ಕಂದು, ಬೆನ್ನಿನ ಮೇಲೆ ಬಿಳಿ ಚುಕ್ಕೆಗಳ ಸಾಲು. ತಾಯಿ ಮರಿಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ಬೇರೆ ಜಾತಿಯೆಂದೇ ಅನ್ನಿಸುತ್ತದೆ.

ರೆಕ್ಕೆಯ ಮೇಲೆಯೇ ಬದುಕು

ಬಾತುಕೋಳಿಗೆ ಇರುವಂಥ, ನೀರು ಹಿಡಿಯದ ಗರಿ ಸೂಟಿ ಟರ್ನ್‌ಗೆ ಇಲ್ಲ. ಹೆಚ್ಚು ಹೊತ್ತು ನೀರಿನ ಮೇಲೆ ಕುಳಿತರೆ ಗರಿ ತೊಯ್ದು ಭಾರವಾಗುತ್ತದೆ, ಮೇಲೇಳುವುದು ಕಷ್ಟ. ಬಹುಪಾಲು ಬದುಕನ್ನು ನಡುಗಡಲಿನಲ್ಲಿ ಕಳೆಯುವ ಹಕ್ಕಿಗೆ ಈಜುವುದು ಸುಲಭವಲ್ಲ ಎಂದಾದರೆ ಉಳಿಯುವ ದಾರಿ ಒಂದೇ, ಹಾರುತ್ತಲೇ ಇರುವುದು.

ಮರಿ ಗೂಡು ಬಿಟ್ಟು ಕಡಲಿಗೆ ಹೊರಟಿತೆಂದರೆ ಮತ್ತೆ ನೆಲಕ್ಕೆ ಕಾಲೂರುವುದು ವರ್ಷಗಳ ನಂತರ. ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೊದಲ ಮೊಟ್ಟೆ ಇಡುವ ಹೊತ್ತಿಗೆ ಬಹುತೇಕ ಹಕ್ಕಿಗಳು ಆರನೇ ವಯಸ್ಸಿನ ಆಸುಪಾಸಿನಲ್ಲಿರುತ್ತವೆ. ಅಲ್ಲಿಯವರೆಗೆ ಊಟ, ವಿಶ್ರಾಂತಿ ಎಲ್ಲವೂ ಗಾಳಿಯಲ್ಲೇ. ತೇಲುವ ಮರದ ದಿಮ್ಮಿ ಸಿಕ್ಕರೆ ಒಂದಿಷ್ಟು ಕಾಲ ಕುಳಿತಾವು, ಅಷ್ಟೆ. ಸೇಶೆಲ್ಸ್‌ನ ಹಕ್ಕಿಗಳ ಕಾಲಿಗೆ ಜಿಯೊಲೊಕೇಟರ್ ಎಂಬ ಪುಟ್ಟ ಉಪಕರಣ ಕಟ್ಟಿ ವಿಜ್ಞಾನಿಗಳು ಅವುಗಳ ಓಡಾಟ ದಾಖಲಿಸಿದ್ದಾರೆ. ಮರಿ ಮಾಡುವ ಕಾಲ ಮುಗಿದ ಮೇಲೆ ಅವು ಹಿಂದೂ ಮಹಾಸಾಗರದ ಉದ್ದಗಲಕ್ಕೂ ಚದುರಿದ್ದವು. ನೀರು ತಾಗಿದ್ದ ಹೊತ್ತು ಒಟ್ಟು ಸಮಯದಲ್ಲಿ ತೀರಾ ಅಲ್ಪ ಪಾಲು.

ಹಾಗಾದರೆ ನಿದ್ದೆ? ಹಾರುತ್ತಲೇ ಹಕ್ಕಿ ಮಲಗಬಲ್ಲದು ಎಂಬುದಕ್ಕೆ ನೇರ ಸಾಕ್ಷ್ಯ ಸಿಕ್ಕಿದ್ದು 2016ರಲ್ಲಿ, ಇನ್ನೊಂದು ಉಷ್ಣವಲಯದ ಕಡಲಹಕ್ಕಿಯಾದ ಫ್ರಿಗೇಟ್‌ ಹಕ್ಕಿಯಿಂದ. ಗ್ಯಾಲಪಗಸ್ ದ್ವೀಪಗಳಲ್ಲಿ ಫ್ರಿಗೇಟ್‌ ಹಕ್ಕಿಗಳ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಹಾರಾಟದ ನಡುವೆಯೇ ಅಳೆಯಲಾಯಿತು. ದಿನಕ್ಕೆ ಸರಾಸರಿ 42 ನಿಮಿಷ, ಅದೂ ಚೂರು ಚೂರಾಗಿ, ಅವು ಗಾಳಿಯಲ್ಲಿ ನಿದ್ರಿಸುತ್ತಿದ್ದವು. ಕೆಲವೊಮ್ಮೆ ಮೆದುಳಿನ ಒಂದು ಭಾಗ ಮಲಗಿ ಇನ್ನೊಂದು ಎಚ್ಚರವಾಗಿದ್ದರೆ, ಕೆಲವೊಮ್ಮೆ ಎರಡೂ ಮಲಗಿದ್ದವು. ಸೂಟಿ ಟರ್ನ್‌ನ ಬದುಕಿನ ರೀತಿ ನೋಡಿದರೆ ಅದೂ ಇಂಥದೇ ಯಾವುದೋ ವ್ಯವಸ್ಥೆ ಮಾಡಿಕೊಂಡಿರಬೇಕು.

ಟ್ಯೂನಾ ಎಬ್ಬಿಸಿದ ಊಟ

ಆಳಕ್ಕೆ ಮುಳುಗಲಾಗದ ಹಕ್ಕಿ ಹೊಟ್ಟೆ ಹೊರೆಯುವುದು ಹೇಗೆ? ಇದಕ್ಕೆ ಉತ್ತರ ಅಲೆಗಳ ಕೆಳಗಿದೆ.

ಕರಾವಳಿಯಲ್ಲಿ ಕೇದರ ಎನ್ನುವ ಟ್ಯೂನಾ ಮೀನುಗಳು ಹಿಂಡುಗಟ್ಟಿ ಬೇಟೆಯಾಡುತ್ತವೆ. ಸಣ್ಣ ಮೀನುಗಳನ್ನು ಕೆಳಗಿನಿಂದ ಅಟ್ಟಿಸಿಕೊಂಡು ಬಂದು ಮೇಲ್ಮೈಗೆ ಒತ್ತುತ್ತವೆ. ಜೀವ ಉಳಿಸಿಕೊಳ್ಳಲು ಹಾರುವ ಮೀನುಗಳು ನೀರಿನಿಂದ ಹೊರಗೆ ಚಿಮ್ಮುತ್ತವೆ, ಸಣ್ಣ ಬೊಂಡಾಸಗಳು ಮೇಲೇಳುತ್ತವೆ. ಸೂಟಿ ಟರ್ನ್ ಕಾಯುವುದು ಆ ಗಳಿಗೆಗಾಗಿ. ಮೈ ತೊಯ್ಯಿಸಿಕೊಳ್ಳದೆ, ಕೊಕ್ಕನ್ನಷ್ಟೇ ಅದ್ದಿ ನೀರಿನ ಮೇಲಿಂದಲೇ ಎತ್ತಿಕೊಳ್ಳುತ್ತದೆ, ಇಲ್ಲವೇ ಚಿಮ್ಮಿದ ಮೀನನ್ನು ಗಾಳಿಯಲ್ಲೇ ಹಿಡಿಯುತ್ತದೆ. ಕುಡಿಯುವುದು ಉಪ್ಪುನೀರನ್ನೇ. ಹೆಚ್ಚಾದ ಉಪ್ಪನ್ನು ಕಣ್ಣಿನ ಮೇಲ್ಭಾಗದ ಗ್ರಂಥಿಗಳು ಸೋಸಿ ಮೂಗಿನ ದಾರಿಯಲ್ಲಿ ಹೊರಹಾಕುತ್ತವೆ.

ಹಕ್ಕಿಗೂ ಮೀನಿಗೂ ಇರುವ ಈ ನಂಟನ್ನು ಮೀನುಗಾರರು ತಲೆಮಾರುಗಳಿಂದ ಬಲ್ಲರು. ಲಕ್ಷದ್ವೀಪದಲ್ಲಿ ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಗಾಳ ಕಟ್ಟಿದ ಕೋಲುಗಳಿಂದ ಟ್ಯೂನಾ ಹಿಡಿಯುವವರು ಮೊದಲು ಕಣ್ಣು ಹಾಯಿಸುವುದು ಆಕಾಶದತ್ತ. ಎಲ್ಲಿ ಹಕ್ಕಿಗಳು ಗುಂಪುಗೂಡಿ ಮುಗಿಬೀಳುತ್ತಿವೆಯೋ ಅಲ್ಲಿ ಮೀನಿದೆ ಎಂದೇ ಅರ್ಥ. ಬೃಹತ್ ಬಲೆಯ ಇಂದಿನ ಹಡಗುಗಳು ಇದೇ ತಿಳಿವಳಿಕೆಯನ್ನು ಯಂತ್ರಕ್ಕೆ ಒಪ್ಪಿಸಿವೆ. ದೂರದ ಹಕ್ಕಿ ಹಿಂಡುಗಳನ್ನು ಗುರುತಿಸುವ ರೇಡಾರ್ ಅವುಗಳಲ್ಲಿರುತ್ತದೆ. ಈ ನಂಟಿನ ಇನ್ನೊಂದು ಮುಖ ಕಳವಳ ಹುಟ್ಟಿಸುವಂಥದ್ದು. ಟ್ಯೂನಾ ಹಿಂಡುಗಳು ತೆಳುವಾದಂತೆ, ಮೇಲ್ಮೈಗೆ ಊಟ ತಂದುಕೊಡುವ ಜೊತೆಗಾರರನ್ನು ಹಕ್ಕಿ ಕಳೆದುಕೊಳ್ಳುತ್ತದೆ. ಕಡಲಲ್ಲಿ ಸಣ್ಣ ಮೀನಿದ್ದರೂ ಅದು ಕೊಕ್ಕಿಗೆ ಎಟುಕುವುದಿಲ್ಲ.

ಗದ್ದಲದ ಊರು

ಎಷ್ಟೇ ಹಾರಿದರೂ ಮೊಟ್ಟೆಯನ್ನು ಗಾಳಿಯಲ್ಲಿ ಇಡಲಾಗದು. ಮರಿ ಮಾಡುವ ಕಾಲ ಬಂದಾಗ ಸೂಟಿ ಟರ್ನ್‌ಗಳು ರಾತ್ರಿ ಹೊತ್ತು ದ್ವೀಪದ ಮೇಲೆ ಸುತ್ತತೊಡಗುತ್ತವೆ. ಮೊದಮೊದಲು ಇಳಿಯುವುದಿಲ್ಲ. ದಿನ ಕಳೆದಂತೆ ಗುಂಪು ದೊಡ್ಡದಾಗುತ್ತದೆ, ಕೂಗು ಏರುತ್ತದೆ, ಕೊನೆಗೆ ಎಲ್ಲವೂ ಒಟ್ಟಿಗೆ ನೆಲಕ್ಕಿಳಿಯುತ್ತವೆ. ಮೊಜಾಂಬಿಕ್ ಕಾಲುವೆಯ ಹ್ವಾನ್ ದಿ ನೋವಾ ದ್ವೀಪದಲ್ಲಿ ಹೀಗೆ ಸೇರುವ ಜೋಡಿಗಳ ಸಂಖ್ಯೆ ಸುಮಾರು 20 ಲಕ್ಷ ಎಂದು ಅಂದಾಜಿಸಲಾಗಿದೆ.

ಗೂಡು ಎನ್ನುವುದು ಹೆಸರಿಗಷ್ಟೇ. ಮರಳಿನಲ್ಲಿ ಕಾಲಿನಿಂದ ಕೆದರಿದ ಸಣ್ಣ ತಗ್ಗು, ಅದರಲ್ಲಿ ಚುಕ್ಕೆಗಳಿರುವ ಒಂದೇ ಮೊಟ್ಟೆ. ಪಕ್ಕದವರ ಕೊಕ್ಕು ತಾಗದಷ್ಟೇ ಅಂತರ ಬಿಟ್ಟು ಇನ್ನೊಂದು ಜೋಡಿ. ತಂದೆ ತಾಯಿ ಇಬ್ಬರೂ ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಕಾವು ಎಂದರೂ, ಸುಡುಬಿಸಿಲಿನ ಮರಳಿನಲ್ಲಿ ಹಗಲಿನ ಮುಖ್ಯ ಕೆಲಸ ಮೊಟ್ಟೆಯನ್ನು ಬೆಚ್ಚಗಿಡುವುದಲ್ಲ, ಬೇಯದಂತೆ ನೆರಳು ಕೊಡುವುದು. ಯಾರಾದರೂ ನಡೆದು ಬಂದು ಹಕ್ಕಿಗಳನ್ನು ಎಬ್ಬಿಸಿದರೆ, ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಹಾಳಾಗಬಹುದು. ಮರಿ ಹೊರಬಂದ ಮೇಲೆ ಹಾರಲು ಇನ್ನೂ ಎಂಟು ವಾರ ಬೇಕು. ಸಾವಿರಾರು ಮರಿಗಳ ಗದ್ದಲದ ನಡುವೆಯೂ ದೂರದಿಂದ ಆಹಾರ ತಂದ ಹಕ್ಕಿ ತನ್ನ ಮರಿಯನ್ನು ದನಿಯಿಂದಲೇ ಗುರುತಿಸುತ್ತದೆ.

ಈ ಗದ್ದಲವೇ ಅಟ್ಲಾಂಟಿಕ್‌ನ ಅಸೆನ್ಷನ್ ದ್ವೀಪದಲ್ಲಿ ಹಕ್ಕಿಗೆ ವೈಡ್‌ಅವೇಕ್ ಎಂಬ ಹೆಸರು ತಂದಿತು, ಕೂಗು ಹಾಗೆಯೇ ಕೇಳುತ್ತದೆಂದು. ಆ ದ್ವೀಪದ ಹಕ್ಕಿಗಳಲ್ಲಿ ಇನ್ನೊಂದು ಸೋಜಿಗವಿದೆ. ಅವು ವರ್ಷಕ್ಕೊಮ್ಮೆ ಮೊಟ್ಟೆ ಇಡುವುದಿಲ್ಲ, ಸುಮಾರು ಒಂಬತ್ತೂವರೆ ತಿಂಗಳಿಗೊಮ್ಮೆ ಇಡುತ್ತವೆ. ಹೀಗಾಗಿ ಒಂದು ವರ್ಷ ಜನವರಿಯಲ್ಲಿ ಮೊಟ್ಟೆ ಇಟ್ಟರೆ ಮುಂದಿನ ಸಲ ಅಕ್ಟೋಬರ್‌ನಲ್ಲಿ. ಋತುಗಳ ಏರಿಳಿತ ಕಡಿಮೆಯಿರುವ ಸಮಭಾಜಕದ ಬಳಿ ಕ್ಯಾಲೆಂಡರ್‌ಗೆ ಕಟ್ಟುಬೀಳಬೇಕಾದ ಅಗತ್ಯ ಅವುಗಳಿಗಿಲ್ಲ.

ಮನೆ ಹುಡುಕುವ ಜಾಣ್ಮೆ

ನಡುಗಡಲಿನಲ್ಲಿ ಗುರುತಿಗೆ ಒಂದು ಬಂಡೆಯೂ ಇರುವುದಿಲ್ಲ. ಹಾಗಿದ್ದೂ ಈ ಹಕ್ಕಿಗಳು ಚುಕ್ಕೆಯಂಥ ದ್ವೀಪವನ್ನು ತಪ್ಪದೆ ತಲುಪುತ್ತವೆ. ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮೊದಲಿಗ ಜಾನ್ ಬಿ. ವಾಟ್ಸನ್. ಮುಂದೆ ಮನಶ್ಶಾಸ್ತ್ರದಲ್ಲಿ ವರ್ತನಾವಾದದ ಪ್ರವರ್ತಕನೆಂದು ಹೆಸರಾದ ಇದೇ ವಾಟ್ಸನ್ 1907ರ ಬೇಸಿಗೆಯನ್ನು ಫ್ಲಾರಿಡಾದ ದಕ್ಷಿಣಕ್ಕಿರುವ ಡ್ರೈ ಟಾರ್ಟುಗಸ್ ದ್ವೀಪಗಳ ಬರ್ಡ್ ಕೀ ಎಂಬ ಮರಳುದಿಬ್ಬದಲ್ಲಿ ಟರ್ನ್‌ಗಳನ್ನು ನೋಡುತ್ತ ಕಳೆದ. ಕೆಲವು ಹಕ್ಕಿಗಳಿಗೆ ಬಣ್ಣದ ಗುರುತು ಹಾಕಿ, ಹಡಗಿನಲ್ಲಿ ಒಯ್ದು, ಉತ್ತರದಲ್ಲಿ ಸಾವಿರ ಕಿ.ಮೀ.ಗೂ ಮೀರಿದ ದೂರದ ಕೇಪ್ ಹ್ಯಾಟರಸ್ ಬಳಿ ಬಿಡಿಸಿದ. ಅವು ಹಿಂದೆಂದೂ ನೋಡಿರಲಾರದ ಜಾಗವದು. ಕೆಲವೇ ದಿನಗಳಲ್ಲಿ ಹಕ್ಕಿಗಳು ಮರಳಿ ಗೂಡಿನಲ್ಲಿದ್ದವು. ಮುಂದೆ ಕಾರ್ಲ್ ಲ್ಯಾಶ್ಲಿಯ ಜೊತೆಗೂಡಿ ವಾಟ್ಸನ್ ಈ ಪ್ರಯೋಗಗಳನ್ನು ಬೇರೆ ದಿಕ್ಕುಗಳಿಗೂ ವಿಸ್ತರಿಸಿದ.

ಅದೇ ಟಾರ್ಟುಗಸ್‌ನಲ್ಲಿ ದಶಕಗಳ ಕಾಲ ಮರಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಡೆಯಿತು. ಆ ಉಂಗುರಗಳು ಆಮೇಲೆ ಸಿಕ್ಕಿದ್ದು ಅಟ್ಲಾಂಟಿಕ್‌ನ ಆಚೆ ದಡದ ಪಶ್ಚಿಮ ಆಫ್ರಿಕಾದಲ್ಲಿ, ಗಿನಿ ಕೊಲ್ಲಿಯ ಆಸುಪಾಸು. ಹಾರಲು ಕಲಿತ ಕೆಲವೇ ತಿಂಗಳಲ್ಲಿ ಎಳೆ ಹಕ್ಕಿಗಳು ಮಹಾಸಾಗರ ದಾಟಿದ್ದವು. ಇಂಥ ಉಂಗುರಗಳಿಂದಲೇ ತಿಳಿದ ಇನ್ನೊಂದು ಸಂಗತಿ, ಈ ಹಕ್ಕಿ ಮೂರು ದಶಕಕ್ಕೂ ಹೆಚ್ಚು ಬದುಕಬಲ್ಲದು ಎಂಬುದು.

ಮೊಟ್ಟೆ, ಬೆಕ್ಕು, ವಿಮಾನ

ಕಡಲಲ್ಲಿ ಇಷ್ಟು ಸಮರ್ಥವಾದ ಹಕ್ಕಿ ನೆಲದಲ್ಲಿ ನಿಸ್ಸಹಾಯಕ. ಶತ್ರುಗಳಿಲ್ಲದ ದ್ವೀಪಗಳನ್ನೇ ಆರಿಸಿಕೊಂಡು ವಿಕಾಸಗೊಂಡ ಜೀವಿಗೆ ತೆರೆದ ನೆಲದ ಮೇಲಿನ ಮೊಟ್ಟೆಯನ್ನು ಕಾಪಾಡುವ ಉಪಾಯ ಗೊತ್ತಿಲ್ಲ. ಹಡಗು ಏರಿ ಬಂದ ಮನುಷ್ಯ ಇದನ್ನು ಬಳಸಿಕೊಂಡ. 1832ರಲ್ಲಿ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಟಾರ್ಟುಗಸ್‌ಗೆ ಹೋದಾಗ, ಹವಾನಾದಿಂದ ಬಂದವರು ಅದಾಗಲೇ ಸುಮಾರು ಎಂಟು ಟನ್ ಟರ್ನ್ ಮೊಟ್ಟೆಗಳನ್ನು ಹಡಗಿಗೆ ತುಂಬಿದ್ದರು. ಅಲ್ಲಿಯ ದ್ವೀಪಗಳಿಗೆ ರಕ್ಷಣೆ ಸಿಕ್ಕಿದ್ದು 1908ರಲ್ಲಿ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲದಲ್ಲಿ. ಸೇಶೆಲ್ಸ್‌ನಲ್ಲಿ ಈ ಮೊಟ್ಟೆ ಇಂದಿಗೂ ಮೆಚ್ಚಿನ ತಿನಿಸು. ಆದರೆ ಎಲ್ಲಿಂದ, ಎಷ್ಟು ತೆಗೆಯಬೇಕೆಂಬುದಕ್ಕೆ ಸರ್ಕಾರದ ಕಟ್ಟುಪಾಡಿದೆ.

ಅಸೆನ್ಷನ್‌ನ ಕಥೆ ಹೆಚ್ಚು ಕಹಿ. 1815ರಲ್ಲಿ, ನೆಪೋಲಿಯನ್‌ನನ್ನು ಸೇಂಟ್ ಹೆಲೆನಾದಲ್ಲಿ ಸೆರೆಯಿಟ್ಟಾಗ, ಬ್ರಿಟಿಷರು ಕಾವಲಿಗೆಂದು ಈ ದ್ವೀಪದಲ್ಲೂ ಪಡೆ ಇರಿಸಿದರು. ಜನರ ಹಿಂದೆ ಬೆಕ್ಕುಗಳು ಬಂದವು, ಕಾಡುಪಾಲಾದವು. ಇಲಿಗಳೂ ಸೇರಿಕೊಂಡವು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ತಂದು ಬಿಟ್ಟ ಇನ್ನೊಂದು ಜೀವಿ ನಮ್ಮ ಅಂಗಳದ ಗೊರವಂಕ! ಅದು ಟರ್ನ್‌ಗಳ ಮೊಟ್ಟೆ ಕುಕ್ಕಿ ಒಡೆಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

1942ರಲ್ಲಿ ಅಮೆರಿಕದ ಸೇನೆ ಅಸೆನ್ಷನ್‌ನಲ್ಲಿ ರನ್‌ವೇ ಕಟ್ಟಿತು. ಅದರ ತುದಿಯಲ್ಲೇ ಹಕ್ಕಿಗಳ ಬೀಡು. ವಿಮಾನ ಏರುವಾಗ ಸಾವಿರಾರು ಹಕ್ಕಿಗಳು ಎದುರಿಗೆ ಏಳುತ್ತಿದ್ದವು. ಹೊಗೆ ಹಾಕಿದರು, ಸಿಡಿಮದ್ದು ಸಿಡಿಸಿದರು, ಹಕ್ಕಿ ಜಗ್ಗಲಿಲ್ಲ. ಕೊನೆಗೆ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಪಕ್ಷಿತಜ್ಞ ಜೇಮ್ಸ್ ಚಾಪಿನ್ ಬಂದು, ಅಲ್ಲಿದ್ದ ಮೊಟ್ಟೆಗಳನ್ನು ಒಡೆದರೆ ಹಕ್ಕಿಗಳು ಜಾಗ ಬದಲಿಸುತ್ತವೆ ಎಂದು ಸಲಹೆ ಕೊಟ್ಟರು. ಸಾವಿರಾರು ಮೊಟ್ಟೆಗಳನ್ನು ಒಡೆಯಲಾಯಿತು, ಹಕ್ಕಿಗಳು ಆಚೆ ಸರಿದವು. ಆ ವಿಮಾನ ನಿಲ್ದಾಣಕ್ಕೆ ಉಳಿದ ಹೆಸರು ವೈಡ್‌ಅವೇಕ್.

1960ರ ದಶಕದಿಂದೀಚೆಗೆ ಅಸೆನ್ಷನ್‌ನ ಸೂಟಿ ಟರ್ನ್‌ಗಳು ಶೇ 80ಕ್ಕೂ ಹೆಚ್ಚು ಕಡಿಮೆಯಾಗಿವೆ. ಬೆಕ್ಕು, ಇಲಿ, ಗೊರವಂಕಗಳಷ್ಟೇ ಇದಕ್ಕೆ ಕಾರಣವಲ್ಲ, ಕಡಲಿನ ಆಹಾರವೂ ಬದಲಾಗಿದೆ ಎನ್ನುತ್ತದೆ 2019ರಲ್ಲಿ ಪ್ರಕಟವಾದ ಅಧ್ಯಯನ. 2000ದ ದಶಕದಲ್ಲಿ ದ್ವೀಪದಿಂದ ಕಾಡುಬೆಕ್ಕುಗಳನ್ನು ಪೂರ್ತಿ ತೆಗೆದುಹಾಕಲಾಯಿತು. ಅದರ ಫಲ ಮೊದಲು ಕಂಡಿದ್ದು ಅಲ್ಲಿಯ ಫ್ರಿಗೇಟ್‌ ಹಕ್ಕಿಗಳಲ್ಲಿ. ಬೆಕ್ಕುಗಳಿಗೆ ಹೆದರಿ ಪಕ್ಕದ ಬಂಡೆಗೆ ಸರಿದಿದ್ದ ಅವು 2012ರ ಡಿಸೆಂಬರ್‌ನಲ್ಲಿ ಮುಖ್ಯ ದ್ವೀಪಕ್ಕೆ ಮರಳಿ ಗೂಡು ಮಾಡಿದವು. ಮನುಷ್ಯ ಕೆಡಿಸಿದ್ದನ್ನು ಮನುಷ್ಯನೇ ಸರಿಪಡಿಸಿದ ಉದಾಹರಣೆ ಹಿಂದೂ ಮಹಾಸಾಗರದಲ್ಲೂ ಇದೆ. ಸೇಶೆಲ್ಸ್‌ನ ಬರ್ಡ್ ಐಲೆಂಡ್‌ನಲ್ಲಿ ತೆಂಗಿನ ತೋಟ ಹಬ್ಬಿ ಬಯಲು ಮುಚ್ಚಿಹೋದಾಗ ಟರ್ನ್‌ಗಳು ಸಾವಿರಗಳ ಲೆಕ್ಕಕ್ಕೆ ಕುಸಿದಿದ್ದವು. 1960ರ ದಶಕದ ಕೊನೆಯಿಂದ ಒಂದಷ್ಟು ಮರ ಕಡಿದು ಬಯಲು ಮಾಡಿದ ಮೇಲೆ ಸಂಖ್ಯೆ ಮತ್ತೆ ಲಕ್ಷಗಳಿಗೇರಿತು.

ಕರಗುವ ನೆಲ

ಬೆಕ್ಕನ್ನು ಹಿಡಿಯಬಹುದು, ಮೊಟ್ಟೆ ಕದಿಯುವವರನ್ನು ತಡೆಯಬಹುದು. ಕಡಲೇ ಬದಲಾದರೆ? ಪೆಸಿಫಿಕ್‌ನ ಕಿರಿಟಿಮಾಟಿ ದ್ವೀಪದಲ್ಲಿ 1982ರ ಕೊನೆಯಲ್ಲಿ ಸಂಶೋಧಕರು ಕಂಡದ್ದು ಬರಿದಾದ ಬೀಡುಗಳನ್ನು. ಎಲ್ ನಿನೊದಿಂದ ನೀರು ಬಿಸಿಯಾಗಿ ಆಹಾರ ಸಿಗದೆ, ಸೂಟಿ ಟರ್ನ್‌ಗಳೇ ಬಹುಪಾಲಾಗಿದ್ದ ಸುಮಾರು 1.7 ಕೋಟಿ ಕಡಲಹಕ್ಕಿಗಳು ದ್ವೀಪ ಬಿಟ್ಟಿದ್ದವು. ಆ ಸಲ ಮರಿಗಳು ಹೆಚ್ಚುಕಡಿಮೆ ಉಳಿಯಲೇ ಇಲ್ಲ. ದೀರ್ಘಾಯುಷಿ ಹಕ್ಕಿ ಒಂದು ಕೆಟ್ಟ ವರ್ಷವನ್ನು ತಾಳಿಕೊಳ್ಳುತ್ತದೆ. ಅಂಥ ವರ್ಷಗಳು ಮೇಲಿಂದ ಮೇಲೆ ಬಂದರೆ, ವರ್ಷಕ್ಕೊಂದೇ ಮೊಟ್ಟೆಯ ಲೆಕ್ಕದಲ್ಲಿ ಚೇತರಿಸಿಕೊಳ್ಳುವುದು ಕಷ್ಟ.

ನೆಲವೂ ಸ್ಥಿರವಲ್ಲ. ವಾಟ್ಸನ್ ಬೇಸಿಗೆ ಕಳೆದ ಬರ್ಡ್ ಕೀ ಇಂದು ಭೂಪಟದಲ್ಲಿಲ್ಲ. 1930ರ ದಶಕದ ನಡುವಿನ ಹೊತ್ತಿಗೆ ಚಂಡಮಾರುತ, ಅಲೆಗಳ ಕೊರೆತಕ್ಕೆ ಅದು ಕೊಚ್ಚಿಹೋಯಿತು. ಪಕ್ಕದಲ್ಲೇ ಬುಷ್ ಕೀ ಇದ್ದುದರಿಂದ ಹಕ್ಕಿಗಳು ಅಲ್ಲಿಗೆ ಸರಿದವು. ಲಕ್ಷದ್ವೀಪದಲ್ಲೂ ಇಂಥದೇ ನಡೆದಿದೆ. ಬಂಗಾರಂ ಹವಳದ್ವೀಪದ ಪರಳಿ-1 ಎಂಬ ನಿರ್ಜನ ದ್ವೀಪ ಪೂರ್ತಿ ಸವೆದುಹೋಗಿದೆ ಎಂದು 2017ರಲ್ಲಿ ವರದಿಯಾಯಿತು. 1968ರಲ್ಲಿ ಅದರ ವಿಸ್ತೀರ್ಣ ಸುಮಾರು ಎಂಟು ಎಕರೆ, ಪಿಟ್ಟಿಗಿಂತ ದೊಡ್ಡದು. ಪಿಟ್ಟಿ ಹೋದರೆ ಹಕ್ಕಿಗಳಿಗೆ ಪಕ್ಕದಲ್ಲಿ ಬುಷ್ ಕೀ ಇರುವುದಿಲ್ಲ. ಸುತ್ತಲಿನ ದ್ವೀಪಗಳೆಲ್ಲ ಜನರಿಂದ, ತೆಂಗಿನಿಂದ, ಇಲಿಗಳಿಂದ ತುಂಬಿವೆ. ಆದ್ದರಿಂದ ಪಕ್ಷಿಧಾಮ ಎಂಬ ಫಲಕವಷ್ಟೇ ಸಾಲದು. ಮೊಟ್ಟೆಯ ಕಾಲದಲ್ಲಿ ಯಾರೂ ಕಾಲಿಡದಂತೆ ನೋಡಿಕೊಳ್ಳುವುದು, ದೋಣಿಯಲ್ಲಿ ಇಲಿ ಬಾರದಂತೆ ತಡೆಯುವುದು, ಸುತ್ತಲಿನ ಹವಳದ ದಿಣ್ಣೆಗಳನ್ನು ಜೀವಂತವಾಗಿ ಉಳಿಸಿಕೊಳ್ಳುವುದು ಇವೆಲ್ಲ ಒಟ್ಟಾಗಿ ನಡೆಯಬೇಕು. ಮರಳು ಹುಟ್ಟುವುದು ಹವಳದಿಂದ, ಅಲೆಯ ಹೊಡೆತ ತಡೆಯುವುದೂ ಹವಳವೇ.

ಮಳೆಗಾಲದ ಅತಿಥಿ

ಲಕ್ಷದ್ವೀಪ ಕರ್ನಾಟಕಕ್ಕೆ ಅಪರಿಚಿತವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ಇಲ್ಲಿಂದ ಹೋಗುತ್ತಿತ್ತು. ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳ ಓಡಾಟ ಇತ್ತೀಚಿನವರೆಗೂ ನಡೆದುಬಂದಿದೆ. ಆ ಕಡಲ ದಾರಿಯ ಮೇಲೆ ಹಾರುವ ಹಕ್ಕಿಗಳು ದಂಡೆಯವರ ಕಣ್ಣಿಗೆ ಬೀಳುವುದು ಮಾತ್ರ ಜೂನ್‌ನಿಂದ ಆಗಸ್ಟ್‌ವರೆಗಿನ ಬಿರುಮಳೆಯಲ್ಲಿ.

ಮುಂಗಾರಿನ ಗಾಳಿ ದಿನಗಟ್ಟಲೆ ಬಿಡದೆ ಬೀಸಿದಾಗ ಕಡಲಹಕ್ಕಿಗಳಿಗೆ ಬೇಟೆ ಸಿಗುವುದಿಲ್ಲ. ಹಸಿದು ಬಳಲಿದವು ಗಾಳಿಯ ಜೊತೆ ದಡಕ್ಕೆ ಬಂದು ಬೀಳುತ್ತವೆ. ಪಶ್ಚಿಮ ಕರಾವಳಿಯಲ್ಲಿ ಹೀಗೆ ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್, ಬೂಬಿ, ಫ್ರಿಗೇಟ್‌ ಹಕ್ಕಿಗಳೆಲ್ಲ ಸಿಕ್ಕಿವೆ. ಇವುಗಳಲ್ಲಿ ಸೂಟಿ ಟರ್ನ್‌ನೊಡನೆ ಹೆಚ್ಚು ಗೊಂದಲವಾಗುವುದು ಬ್ರೈಡಲ್ಡ್ ಟರ್ನ್. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಮರಿ ಮಾಡುವ ಆ ಹಕ್ಕಿಯ ಬೆನ್ನು ಬೂದುಗಂದು, ಹಣೆಯ ಬಿಳಿ ಕಣ್ಣಿನ ಹಿಂದಕ್ಕೂ ಹುಬ್ಬಿನಂತೆ ಚಾಚಿರುತ್ತದೆ. ಸೂಟಿ ಟರ್ನ್‌ನ ಬಿಳಿ ಕಣ್ಣಿನ ಬಳಿಗೇ ನಿಲ್ಲುತ್ತದೆ, ಬೆನ್ನು ಪೂರ್ತಿ ಕಪ್ಪು.

ಇಂಥ ಹಕ್ಕಿ ಸಿಕ್ಕಾಗ ಅನುಕಂಪದಿಂದಲೇ ಜನ ಮಾಡುವ ತಪ್ಪು, ಅದನ್ನು ಮತ್ತೆ ಅಲೆಗಳಿಗೆ ಎಸೆಯುವುದು. ಗರಿ ತೊಯ್ದ, ಬಳಲಿದ ಹಕ್ಕಿ ಮುಳುಗಿಯೇ ಹೋಗುತ್ತದೆ. ಬಾಯಿ ಬಿಡಿಸಿ ನೀರು ಹಾಕುವುದೂ ಅಪಾಯ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆ ಹಾಸಿ, ನಾಯಿ, ಕಾಗೆಗಳಿಂದ ದೂರ, ಸದ್ದಿಲ್ಲದ ಕಡೆ ಇರಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಲಿನಲ್ಲಿ ಉಂಗುರ ಇದೆಯೇ ಎಂದು ನೋಡಿ ಅದರ ಮೇಲಿನ ಅಕ್ಷರ, ಅಂಕಿಗಳನ್ನು ಬರೆದುಕೊಳ್ಳಬೇಕು. ಹಕ್ಕಿ ಸತ್ತಿದ್ದರೂ ಸಿಕ್ಕಿದ ಜಾಗ, ದಿನಾಂಕ, ಒಂದು ಫೋಟೊ ಉಪಯೋಗಕ್ಕೆ ಬರುತ್ತವೆ. ನಡುಗಡಲಿಗೆ ಹೋಗಿ ಹಕ್ಕಿ ಎಣಿಸುವವರು ನಮ್ಮಲ್ಲಿ ತೀರಾ ಕಡಿಮೆ. ಕಾರವಾರದಿಂದ ಉಳ್ಳಾಲದವರೆಗಿನ ಮೀನುಗಾರರು, ಮೊಬೈಲ್ ಹಿಡಿದು ದಂಡೆಯಲ್ಲಿ ಓಡಾಡುವವರು ಪ್ರತಿ ಮಳೆಗಾಲ ಇಷ್ಟು ಮಾಡಿದರೂ ಅರಬ್ಬಿ ಸಮುದ್ರದ ಹಕ್ಕಿಗಳ ಬಗ್ಗೆ ಈಗಿರುವುದಕ್ಕಿಂತ ಎಷ್ಟೋ ಹೆಚ್ಚು ಮಾಹಿತಿ ಕೂಡುತ್ತದೆ.